ಹಾದಿಯ ಇತಿಹಾಸವೂ ಅಪಘಾತದ ವಿಚಾರವೂ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಪ್ರದೇಶವನ್ನು ಕುರಿತ ಒಂದು ವಿವೇಚನೆ

1. ಪೀಠಿಕೆ

ರಸ್ತೆಯ ಅಪಘಾತವು ಇತಿಹಾಸದ ಅಭ್ಯಾಸಿಗೆ ವಿಷಯವಾಗಬಲ್ಲುದೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯು ಅನುಚಿತವೆನಿಸದು. ರಾಜವಂಶಗಳು, ದಾನಶಾಸನಗಳು, ಕಂದಾಯದ ಪದ್ಧತಿಗಳು ಮೊದಲಾದುವನ್ನು ಬಿಟ್ಟು ನಿನ್ನೆ ಮೊನ್ನೆಯ ದುರ್ಘಟನೆಗಳ ಕಡೆಗೆ ಗಮನ ಹರಿಸುವುದು ಪತ್ರಿಕಾಕರ್ತರ ಇಲ್ಲವೆ ಪೊಲೀಸರ ಕೆಲಸವೆಂದು ಅನೇಕರು ಭಾವಿಸುತ್ತಾರೆ. ಆದರೆ ಪ್ರತಿಯೊಂದು ಅಪಘಾತವೂ ಒಂದು ಸ್ಥಳದಲ್ಲಿ ನಡೆಯುತ್ತದೆ. ಆ ಸ್ಥಳದಲ್ಲಿ ಎರಡು ಹಾದಿಗಳು ಏಕೆ ಕೂಡಿದುವು, ಅಲ್ಲಿ ಹಾಯ್ದುಹೋಗುವವರು ಯಾರು, ಆ ರಸ್ತೆಯನ್ನು ಯಾರ ಅನುಕೂಲಕ್ಕಾಗಿ ಯಾವ ಕಾಲದಲ್ಲಿ ಕಟ್ಟಲಾಯಿತು ಎಂಬ ಪ್ರಶ್ನೆಗಳು ಬಂದೊಡನೆ ನಾವು ಇತಿಹಾಸದ ಕ್ಷೇತ್ರದಲ್ಲಿಯೇ ಇರುತ್ತೇವೆ.

ಈಗಿನ ಹಾವೇರಿ ಜಿಲ್ಲೆಯು 1997ರ ಆಗಸ್ಟ್ ತಿಂಗಳಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಿತು. ಅದರ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ಭಾಗಗಳನ್ನು ನಾವು ಈ ಲೇಖನದ ಎಲ್ಲೆಯಾಗಿ ಇಟ್ಟುಕೊಂಡಿದ್ದೇವೆ. ನಾಲ್ಕೂ ಸಣ್ಣ ಪಟ್ಟಣಗಳು. ನಾಲ್ಕೂ ಬೇಸಾಯವನ್ನು ನಂಬಿ ಬದುಕುವ ತಾಲ್ಲೂಕುಗಳ ಕೇಂದ್ರಗಳು. ಆದರೆ ಹೆದ್ದಾರಿಯೊಡನೆ ಅವುಗಳಿಗಿರುವ ಸಂಬಂಧ ಒಂದೇ ತೆರನಾದುದಲ್ಲ. ಶಿಗ್ಗಾವಿಯು ಹೆದ್ದಾರಿಯ ಮಗ್ಗುಲಲ್ಲಿದೆ. ಸವಣೂರು ಅದರ ಪೂರ್ವಕ್ಕೂ ಹಾನಗಲ್ಲ ಪಶ್ಚಿಮಕ್ಕೂ ಇವೆ. ಹಿರೇಕೆರೂರು ದಕ್ಷಿಣದಲ್ಲಿ, ಶಿಕಾರಿಪುರದ ಸೀಮೆಗೆ ಹತ್ತಿಕೊಂಡಂತೆ ಇದೆ. ಈ ಭೇದದಿಂದಲೇ ಇವು ನಮ್ಮ ವಿಚಾರಕ್ಕೆ ತಕ್ಕ ಕ್ಷೇತ್ರವಾಗಿವೆ.

2. ಮೋಟಾರಿಗಿಂತ ಹಿಂದಿನ ಹಾದಿಗಳು

ಈ ನಾಡು ಹಾದಿಗಳಿಗೆ ಹೊಸದಲ್ಲ. ಶಾಸನಗಳು ಪಾನುಂಗಲ್ಲೆಂದು ಕರೆಯುವ ಹಾನಗಲ್ಲು ಐನೂರರ ನಾಡಿನ ರಾಜಧಾನಿಯಾಗಿ, ಕದಂಬರ ಒಂದು ಶಾಖೆಯ ನೆಲೆಯಾಗಿ ಮೆರೆಯಿತು. ಬಂಕಾಪುರವು ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರನ್ನು ಇಂದಿಗೂ ಹೊತ್ತು ನಿಂತಿದೆ. ಬನವಾಸಿ ಹನ್ನಿರ್ಚ್ಛಾಸಿರದ ಸೀಮೆಯ ಶಾಸನಗಳಲ್ಲಿ ಬರುವ ಪೆರ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರುಗಳಿಂದ ಇಲ್ಲಿ ಸರಕು ಸಾಗಣೆ ಬಲವಾಗಿತ್ತೆಂಬುದು ವಿದಿತವಾಗುತ್ತದೆ. ಆಳುವವರ ದಾಖಲೆಯಲ್ಲಿ ಹಾದಿಯು ಮೊದಲು ಕಾಣಿಸಿಕೊಂಡದ್ದು ಸುಂಕ ಹುಟ್ಟುವ ಎಡೆಯಾಗಿ ಎಂಬುದನ್ನು ಇಲ್ಲಿ ಗಮನಿಸಬೇಕು. ಅದೇ ಸೀಮೆಯ ವೀರಗಲ್ಲುಗಳಾದರೋ ತುರುಗೋಳಿನಲ್ಲಿಯೋ ಊರಳಿವಿನಲ್ಲಿಯೋ ಮಡಿದವರನ್ನು ಹೆಸರು ಹಿಡಿದು ಹೇಳುತ್ತವೆ. ಸತ್ತವನು ಯಾರು, ಯಾವ ಕಾರಣದಿಂದ ಸತ್ತನು ಎಂಬುದನ್ನು ಊರು ನೆನಪಿಡಬೇಕೆಂಬ ಭಾವನೆ ಈ ಮಣ್ಣಿನಲ್ಲಿ ಹಳೆಯದು.

ಹತ್ತೊಂಬತ್ತನೆಯ ಶತಮಾನದಲ್ಲಿ ಹಾದಿಗಳ ಸ್ವರೂಪವು ಬದಲಾಯಿತು. ಧಾರವಾಡ ಸೀಮೆಯ ಹತ್ತಿಯು ಘಟ್ಟವನ್ನಿಳಿದು ಕುಮಟೆಯ ಬಂದರವನ್ನು ಸೇರಿ ಅಲ್ಲಿಂದ ಹಡಗು ಏರುತ್ತಿತ್ತು. ವ್ಯಾಪಾರದಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ಅಂಟಿಕೊಂಡಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಇಂಗ್ಲೆಂಡಿನ ಗಿರಣಿಗಳಿಗೆ ಭಾರತದ ಹತ್ತಿಯ ಅವಶ್ಯಕತೆ ಹೆಚ್ಚಿದಾಗ ಘಟ್ಟದ ಹಾದಿಗಳ ಮಹತ್ವವೂ ಹೆಚ್ಚಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದುದರ ಹಿಂದೆ ಈ ಹತ್ತಿಯ ವಿಚಾರವೂ ಇದ್ದಿತು. ಹೀಗೆ ಹೇರೆತ್ತುಗಳ ಜಾಡು ಚಕ್ಕಡಿಗಳ ರಸ್ತೆಯಾಯಿತು. ಇದು ಪೂರ್ವಪಶ್ಚಿಮದ ಎಳೆ.

ಉತ್ತರದಕ್ಷಿಣದ ಎಳೆಯು ಪುಣೆಯಿಂದ ಧಾರವಾಡ, ಹುಬ್ಬಳ್ಳಿ, ಶಿಗ್ಗಾವಿ, ಬಂಕಾಪುರ, ಹಾವೇರಿ, ರಾಣೇಬೆನ್ನೂರುಗಳ ಮೇಲೆ ಹಾಯ್ದು ಹರಿಹರಕ್ಕೆ ಹೋಗುವ ದೊಡ್ಡ ರಸ್ತೆ. 1884ರಲ್ಲಿ ಪ್ರಕಟವಾದ ಧಾರವಾಡ ಜಿಲ್ಲೆಯ ಗ್ಯಾಝೆಟಿಯರು ಇದನ್ನು ಜಿಲ್ಲೆಯ ಮುಖ್ಯ ರಸ್ತೆಗಳಲ್ಲಿ ಎಣಿಸುತ್ತದೆ. ಆ ದಶಕದಲ್ಲಿಯೇ ಸದರ್ನ್ ಮರಾಠಾ ರೈಲ್ವೆಯ ಹುಬ್ಬಳ್ಳಿ ಹರಿಹರ ಮಾರ್ಗವು ಬಂದಿತು. ಆದರೆ ಅದು ಈ ಪ್ರದೇಶದ ಪೂರ್ವದ ಅಂಚಿನಲ್ಲಿ ಹಾಯ್ದುಹೋಯಿತು. ಸವಣೂರಿಗೆ ಊರಿನಿಂದಾಚೆ ಒಂದು ನಿಲ್ದಾಣ ದೊರೆಯಿತು. ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಪಟ್ಟಣಗಳಿಗೆ ರೈಲು ಬರಲೇ ಇಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲುಮಾರ್ಗ ಬೇಕೆಂಬ ಬೇಡಿಕೆ ಹಳೆಯದಾಗಿದ್ದರೂ ಘಟ್ಟವನ್ನಿಳಿಯುವ ಆ ಮಾರ್ಗವು ಇನ್ನೂ ಕಾರ್ಯಗತವಾಗಿಲ್ಲ. ಈ ನಾಲ್ಕು ತಾಲ್ಲೂಕುಗಳ ಜನ ಮತ್ತು ಸರಕು ರಸ್ತೆಯನ್ನೇ ನೆಚ್ಚಬೇಕಾದುದರ ಮೂಲವು ಇಲ್ಲಿದೆ.

3. ಮೋಟಾರಿನ ಕಾಲ

ಚಕ್ಕಡಿಯ ವೇಗ ಗಂಟೆಗೆ ಎರಡು ಮೂರು ಮೈಲಿ. ಅದು ಮಗುಚಿದರೆ ಎತ್ತಿನ ಕಾಲು ಮುರಿಯಬಹುದು, ಸರಕು ಚೆಲ್ಲಬಹುದು. ಎದುರಿಗೆ ಬಂದ ಪಾದಚಾರಿಗೆ ಪಕ್ಕಕ್ಕೆ ಸರಿಯಲು ಅವಕಾಶವಿರುತ್ತಿತ್ತು. ಮೋಟಾರು ಬಂದಮೇಲೆ ಅದೇ ಹಾದಿಯಲ್ಲಿ ಎರಡು ಬೇರೆ ಬೇರೆ ಕಾಲಮಾನಗಳು ಜೊತೆಯಾಗಿ ಚಲಿಸತೊಡಗಿದುವು. 1896ರಲ್ಲಿ ಲಂಡನ್ನಿನಲ್ಲಿ ಮೋಟಾರುಗಾಡಿಯೊಂದು ಬಡಿದು ಪಾದಚಾರಿ ಹೆಂಗಸೊಬ್ಬಳು ಸತ್ತಾಗ ಆ ಗಾಡಿಯ ವೇಗವು ಇಂದಿನ ಸೈಕಲ್ಲಿನ ವೇಗಕ್ಕಿಂತ ಹೆಚ್ಚಿನದಾಗಿರಲಿಲ್ಲ. ವೇಗವು ಇಮ್ಮಡಿಯಾದರೆ ಬಡಿತದ ಶಕ್ತಿ ನಾಲ್ಮಡಿಯಾಗುತ್ತದೆಂಬುದು ಭೌತಶಾಸ್ತ್ರದ ಮಾತು. ಸರಾಸರಿ ವೇಗವು ಶೇ. 1ರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಸಂಭವವು ಸುಮಾರು ಶೇ. 4ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ.

ಸ್ವಾತಂತ್ರ್ಯದ ತರುವಾಯ ಈ ಪ್ರದೇಶದ ಸಾರಿಗೆಯು ಹಲವು ಕೈಗಳನ್ನು ಬದಲಿಸಿತು. ನವಾಬರ ಸವಣೂರು ಸಂಸ್ಥಾನವು 1948ರಲ್ಲಿ ವಿಲೀನಗೊಂಡು ಧಾರವಾಡ ಜಿಲ್ಲೆಗೆ ಸೇರಿತು. ಖಾಸಗಿಯವರ ಬಸ್ಸುಗಳ ಸ್ಥಾನದಲ್ಲಿ ಮುಂಬಯಿ ರಾಜ್ಯದ ಸರಕಾರಿ ಸಾರಿಗೆ ಬಂದಿತು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯೊಡನೆ ಅದು ಮೈಸೂರು ರಾಜ್ಯದ ಆಡಳಿತಕ್ಕೆ ಬಂದು, 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಭಾಗವಾಯಿತು. 1997ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯು ಇದನ್ನು ನಡೆಸುತ್ತಿದೆ. ಬಸ್ಸಿನ ಜೊತೆಗೆ ಲಾರಿ, ಕಬ್ಬು ಹೇರಿದ ಟ್ರ್ಯಾಕ್ಟರು, ಟಂಟಂ, ಕೊನೆಯಲ್ಲಿ ಮೋಟಾರ್ ಸೈಕಲ್ಲು ಹೀಗೆ ಒಂದೊಂದಾಗಿ ಬಂದುವು. ಚಕ್ಕಡಿಯ ಹಿಂದೆ ದೀಪವಿರದಿದ್ದ ಹಳೆಯ ಕೊರತೆಯನ್ನು ಟ್ರ್ಯಾಕ್ಟರಿನ ಟ್ರೇಲರು ಹಾಗೆಯೇ ಮುಂದುವರಿಸಿತು. ಸುಗ್ಗಿಯ ದಿನಗಳಲ್ಲಿ ಗೋವಿನಜೋಳವನ್ನು ಡಾಂಬರು ರಸ್ತೆಯ ಮೇಲೆ ಹರವಿ ಒಣಗಿಸುವ ರೂಢಿಯೂ ಹಬ್ಬಿತು. ಕಣವು ಹೊಲದಿಂದ ರಸ್ತೆಗೆ ಬಂದಾಗ, ಕಾಳಿನ ಮೇಲೆ ಜಾರಿ ಬೀಳುವವನು ಅದೇ ಊರಿನ ಬೈಕ್ ಸವಾರನಾಗಿರುತ್ತಾನೆ.

4. ಹೆದ್ದಾರಿ ಮತ್ತು ‘ಕ್ರಾಸು’

ಪುಣೆ ಬೆಂಗಳೂರು ರಸ್ತೆಯು ರಾಷ್ಟ್ರೀಯ ಹೆದ್ದಾರಿ 4 ಎಂದು ಬಹುಕಾಲ ಪ್ರಸಿದ್ಧವಾಗಿದ್ದಿತು. 2010ರ ಸಂಖ್ಯಾವ್ಯವಸ್ಥೆಯ ಪ್ರಕಾರ ಅದೀಗ 48ನೆಯದು. ಸುವರ್ಣ ಚತುಷ್ಪಥ ಯೋಜನೆಯಡಿ ಇದು ಈ ಶತಮಾನದ ಮೊದಲ ದಶಕದಲ್ಲಿ ನಾಲ್ಕು ಪಥಗಳದಾಯಿತು. ಮೊದಲು ಪಟ್ಟಣಗಳ ಪೇಟೆಯ ನಡುವೆ ಹಾಯುತ್ತಿದ್ದ ದೂರದ ವಾಹನಗಳು ಪೇಟೆಯ ಹೊರಗೆ ಹಾಯತೊಡಗಿದುವು. ಇದರಿಂದ ಎದುರುಬದುರಾಗಿ ಬರುವ ವಾಹನಗಳ ಡಿಕ್ಕಿಯ ಭಯವು ಕಡಮೆಯಾಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೆದ್ದಾರಿಯು ಪೇಟೆಯನ್ನು ಬಿಟ್ಟುಹೋದಾಗ ಊರಿನ ವ್ಯವಹಾರವು ಹೆದ್ದಾರಿಯನ್ನು ಬಿಡಲಿಲ್ಲ. ಹೊಲವು ಒಂದು ಮಗ್ಗುಲಿಗೆ, ಮನೆ ಇನ್ನೊಂದು ಮಗ್ಗುಲಿಗೆ; ಶಾಲೆ ಆಚೆ, ಬಸ್ಸು ನಿಲ್ಲುವ ಜಾಗ ಈಚೆ. ತಡಸದ ಬಳಿ ಮುಂಡಗೋಡದ ಕಡೆಯ ಹಾದಿ ಹೆದ್ದಾರಿಯನ್ನು ಕೂಡುತ್ತದೆ. ಬಂಕಾಪುರದಿಂದ ಪೂರ್ವಕ್ಕೆ ಸವಣೂರಿಗೂ ಪಶ್ಚಿಮಕ್ಕೆ ಹಾನಗಲ್ಲಿಗೂ ಹಾದಿಗಳು ಹೊರಡುತ್ತವೆ. ಈ ಅಡ್ಡಹಾದಿಗಳು ಹೆದ್ದಾರಿಗಿಂತ ಚಿಕ್ಕವಾದರೂ ಅವುಗಳಲ್ಲಿ ಓಡಾಡುವ ಜನ ಸ್ಥಳೀಯರು. ಅವರ ಓಡಾಟ ದಿನನಿತ್ಯದ್ದು.

ಈ ಕೂಡುಗೆಗಳಿಂದ ನಮ್ಮಲ್ಲಿ ಒಂದು ಹೊಸ ಬಗೆಯ ಸ್ಥಳನಾಮವೇ ಹುಟ್ಟಿದೆ. ಹಳ್ಳಿ, ಊರು, ಕೊಪ್ಪ, ಹಾಳ ಎಂಬ ಹಳೆಯ ಉತ್ತರಪದಗಳ ಸಾಲಿಗೆ ‘ಕ್ರಾಸು’ ಸೇರಿದೆ. ಹೆದ್ದಾರಿಯಲ್ಲಿ ಬಸ್ಸಿಳಿದು ಊರಿಗೆ ನಡೆಯಬೇಕಾದ ಸ್ಥಳವನ್ನು ಆ ಊರಿನ ಹೆಸರಿಗೆ ಕ್ರಾಸು ಸೇರಿಸಿ ಕರೆಯುತ್ತಾರೆ. ಮೊದಲು ಒಂದು ಮರ, ಆಮೇಲೆ ಚಹಾದ ಅಂಗಡಿ, ಪಂಕ್ಚರ್ ತಿದ್ದುವವನ ಗೂಡಂಗಡಿ, ಟಂಟಂ ನಿಲ್ದಾಣ: ಹೀಗೆ ಕ್ರಾಸು ಬೆಳೆಯುತ್ತದೆ. ಅಪಘಾತದ ವಾರ್ತೆಗಳಲ್ಲಿ ಪದೇ ಪದೇ ಬರುವುದು ಊರಿನ ಹೆಸರಲ್ಲ, ಕ್ರಾಸಿನ ಹೆಸರು. ಹಳೆಯ ಪೂರ್ವಪಶ್ಚಿಮದ ಎಳೆಯನ್ನು ಉತ್ತರದಕ್ಷಿಣದ ಎಳೆ ತುಂಡರಿಸುವ ಕಡೆಯಲ್ಲಿಯೇ ಸಾವು ಗುಂಪುಗೂಡುತ್ತದೆಂಬುದು ನಮ್ಮ ಮುಖ್ಯ ಪ್ರತಿಪಾದನೆ.

5. ಎರಡು ಘಟನೆಗಳು

ಈಚಿನ ಎರಡು ಘಟನೆಗಳನ್ನು ಈ ದೃಷ್ಟಿಯಿಂದ ಪರಾಮರ್ಶಿಸೋಣ.

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಯಾತ್ರಿಕರ ಟೆಂಪೊ ವಾಹನವೊಂದು ಹಿಂದಿನಿಂದ ಬಡಿದು 13 ಮಂದಿ ಸತ್ತರು. ಅವರು ಶಿವಮೊಗ್ಗ ಜಿಲ್ಲೆಯ ಭದ್ರಾವತಿ ತಾಲ್ಲೂಕಿನವರು. ಯಾತ್ರೆಯನ್ನು ಮುಗಿಸಿ ಊರಿಗೆ ಮರಳುತ್ತಿದ್ದರು. ಈ ಸ್ಥಳವು ನಮ್ಮ ನಾಲ್ಕು ತಾಲ್ಲೂಕುಗಳ ನೆರೆಯದು. ಚಾಲಕನಿಗೆ ನಿದ್ರೆ ಬಂದಿತ್ತೇ ಎಂಬ ಪ್ರಶ್ನೆ ಎಲ್ಲರ ಬಾಯಲ್ಲಿಯೂ ಬರುತ್ತದೆ. ಇರುಳೆಲ್ಲ ಓಡುವ ಲಾರಿಗೆ ಹೆದ್ದಾರಿಯಿಂದ ಪಕ್ಕಕ್ಕೆ ಸರಿದು ನಿಲ್ಲಲು ತಕ್ಕ ತಂಗುದಾಣಗಳು ಸಾಕಷ್ಟು ದೂರಕ್ಕೊಂದರಂತೆ ಇರಬೇಡವೇ ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಮೆ.

ಎರಡನೆಯದು ನಮ್ಮ ಪ್ರದೇಶಕ್ಕೆ ಇನ್ನೂ ಸಮೀಪದ್ದು. 2025ರ ಜನವರಿ 22ರಂದು, ಬುಧವಾರ ಬೆಳಕು ಹರಿಯುವ ಮುನ್ನ, ಸವಣೂರಿನಿಂದ ಹಣ್ಣು ತರಕಾರಿಗಳನ್ನು ಹೇರಿಕೊಂಡು ಉತ್ತರ ಕನ್ನಡದ ಸಂತೆಗೆ ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಅರಬೈಲು ಘಟ್ಟದ ಸೀಮೆಯಲ್ಲಿ, ಗುಳ್ಳಾಪುರದ ಬಳಿ, ಕಣಿವೆಗೆ ಉರುಳಿತು. ತಮ್ಮ ಸರಕಿನ ಜೊತೆಗೆ ಅದೇ ಲಾರಿಯಲ್ಲಿ ಕುಳಿತಿದ್ದ ಸವಣೂರಿನ ವ್ಯಾಪಾರಿಗಳಲ್ಲಿ 10 ಮಂದಿ ಅಸು ನೀಗಿದರು, ಅನೇಕರು ಗಾಯಗೊಂಡರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಲಾರಿಯು ಎಡಕ್ಕೆ ಸರಿಯಿತೆಂದೂ ಕಣಿವೆಯ ಅಂಚಿಗೆ ಅಲ್ಲಿ ತಡೆಗೋಡೆ ಇರಲಿಲ್ಲವೆಂದೂ ಪೊಲೀಸರು ಅಂದು ತಿಳಿಸಿದರು.

ಹತ್ತಿಯ ಚಕ್ಕಡಿಗಳು ಬಯಲುಸೀಮೆಯಿಂದ ಘಟ್ಟವನ್ನಿಳಿದು ಕಡಲತೀರ ಸೇರುತ್ತಿದ್ದ ವ್ಯವಹಾರಕ್ಕೂ ಸವಣೂರಿನ ಹಣ್ಣು ಮಾರುವವರು ನಡುರಾತ್ರಿಯಲ್ಲಿ ಹೊರಟು ಘಟ್ಟವನ್ನಿಳಿಯುವ ವ್ಯವಹಾರಕ್ಕೂ ನಡುವೆ ಕಡಿಯದ ಎಳೆಯೊಂದು ಇದೆ. ಹತ್ತಿಗೆ ಹಡಗಿನ ಧನಿಗಳ ಬೆಂಬಲವಿತ್ತು. ಅದಕ್ಕಾಗಿ ಸರಕಾರವು ರಸ್ತೆಯನ್ನು ಕಟ್ಟಿತು. ಬುಟ್ಟಿಯ ಲೆಕ್ಕದಲ್ಲಿ ಹಣ್ಣು ಮಾರಿ ಸಂಜೆಗೆ ಮನೆ ಸೇರುವವನಿಗೆ ಅಂಥ ಬೆಂಬಲವಿಲ್ಲ. ಸರಕನ್ನು ಬಸ್ಸಿನಲ್ಲಿ ಒಯ್ಯಲಾಗದು, ಒಬ್ಬನೇ ವಾಹನ ಹಿಡಿಯಲು ಬಂಡವಾಳ ಸಾಲದು. ಆದಕಾರಣ ಹತ್ತಾರು ಜನ ಕೂಡಿ ಒಂದು ಲಾರಿಯನ್ನು ಗೊತ್ತುಮಾಡಿ ಸರಕಿನ ಮೇಲೆಯೇ ಕೂಡುತ್ತಾರೆ. ಇದನ್ನು ಅವಿವೇಕವೆಂದು ಬಗೆಯುವುದು ಸುಲಭ. ಬೇರೆ ದಾರಿಯನ್ನು ತೋರಿಸುವುದು ಕಷ್ಟ.

6. ಕಾಯಿದೆಯ ದೃಷ್ಟಿ, ದಾಖಲೆಯ ದೃಷ್ಟಿ

ಇತಿಹಾಸಕ್ಕೆ ದಾಖಲೆಯೇ ಆಧಾರ. ದಾಖಲೆಯು ಯಾವ ಪ್ರಶ್ನೆಯನ್ನು ಕೇಳುತ್ತದೆಯೋ ಅದಕ್ಕೆ ಮಾತ್ರ ಉತ್ತರ ಕೊಡುತ್ತದೆ. 1860ರ ಭಾರತ ದಂಡ ಸಂಹಿತೆಯ 279ನೆಯ ಕಲಮು ದುಡುಕಿನ ಚಾಲನೆಯನ್ನು ಅಪರಾಧವೆಂದಿತು. 1870ರಲ್ಲಿ ಸೇರಿದ 304-ಎ ಕಲಮು ನಿರ್ಲಕ್ಷ್ಯದಿಂದಾದ ಸಾವನ್ನು ದಂಡನೀಯವಾಗಿಸಿತು. ಎರಡೂ ಮೋಟಾರು ಬರುವುದಕ್ಕೆ ಮುಂಚಿನವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106ನೆಯ ಕಲಮುಗಳಲ್ಲಿ ಅದೇ ವಿಚಾರವು ಮುಂದುವರಿದಿದೆ. ಹೀಗಾಗಿ ಠಾಣೆಯ ವರದಿಯು ಒಂದೂವರೆ ಶತಮಾನದಿಂದ ‘ಓಡಿಸಿದವನಾರು’ ಎಂದು ಕೇಳುತ್ತ ಬಂದಿದೆ. ‘ರಸ್ತೆ ಹೇಗಿತ್ತು’ ಎಂಬುದು ಪಂಚನಾಮೆಯ ಕೊನೆಯ ಸಾಲಿಗೆ ಉಳಿಯುತ್ತದೆ.

ಮೋಟಾರು ವಾಹನಗಳ ಕಾಯಿದೆಯ ಬೆಳವಣಿಗೆಯಲ್ಲಿ ಈ ದೃಷ್ಟಿ ನಿಧಾನವಾಗಿ ಅಗಲವಾದುದನ್ನು ಕಾಣಬಹುದು. 1914ರ ಕಾಯಿದೆ ಮುಖ್ಯವಾಗಿ ನೋಂದಣಿ ಮತ್ತು ಪರವಾನಗಿಯದು. 1939ರದು ವಿಮೆಯನ್ನು ಕಡ್ಡಾಯಗೊಳಿಸಿ ಸತ್ತವನ ಮನೆಯವರ ಕಡೆಗೆ ನೋಡಿತು. 1988ರ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯು ಸರಕಿನ ವಾಹನದಲ್ಲಿ ಸರಕಿನ ಜೊತೆ ಹೋಗುವ ಒಡೆಯನನ್ನೂ ವಿಮೆಯ ಆಶ್ರಯಕ್ಕೆ ಸೇರಿಸಿತು. ಸವಣೂರಿನಂಥ ಊರುಗಳ ಸಂತೆಯ ವ್ಯಾಪಾರಿಗಳಿಗೆ ಇದು ಸಣ್ಣ ಮಾತಲ್ಲ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂಬ ನಿಯಮಗಳನ್ನು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಎತ್ತಿಹಿಡಿಯಿತು. 2019ರ ತಿದ್ದುಪಡಿಯು ಆ ರಕ್ಷಣೆಯನ್ನು ಕಾಯಿದೆಯಲ್ಲಿಯೇ ಸೇರಿಸಿದುದಲ್ಲದೆ, 198-ಎ ಕಲಮಿನ ಮೂಲಕ ರಸ್ತೆಯ ರಚನೆ ಮತ್ತು ನಿರ್ವಹಣೆಯ ಹೊಣೆ ಹೊತ್ತವರನ್ನೂ ದಂಡಕ್ಕೆ ಗುರಿಮಾಡಿತು. ರಸ್ತೆಯನ್ನು ಕಟ್ಟಿದವನು ಕಾಯಿದೆಯ ಕಣ್ಣಿಗೆ ಬೀಳಲು ಮೊದಲ ಮೋಟಾರು ಕಾಯಿದೆಯಿಂದ 105 ವರ್ಷಗಳು ಹಿಡಿದುವು.

ಅಂಕಿಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದು 1,68,491 ಜನ ಸತ್ತರು. ಕರ್ನಾಟಕದಲ್ಲಿ ಸತ್ತವರು 11,702. 1970ರಲ್ಲಿ ದೇಶದಲ್ಲಿ ಸತ್ತವರ ಸಂಖ್ಯೆ ಸುಮಾರು 14,500, ವಾಹನಗಳು ಸುಮಾರು 14 ಲಕ್ಷ. ವಾಹನಗಳು ಹೆಚ್ಚಿದಂತೆ ವಾಹನವೊಂದಕ್ಕೆ ಬೀಳುವ ಸಾವಿನ ಪ್ರಮಾಣ ಇಳಿಯುತ್ತದೆಂದು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಸ್ಮೀಡ್ 1949ರಲ್ಲಿ ತೋರಿಸಿದನು. ನಮ್ಮ ದೇಶದಲ್ಲಿಯೂ ಆ ಪ್ರಮಾಣ ಬಹಳ ಇಳಿದಿದೆ. ಆದರೆ ಸತ್ತವರ ಸಂಖ್ಯೆ ಹನ್ನೊಂದು ಪಟ್ಟಿಗೂ ಮಿಕ್ಕಿ ಏರಿದೆ. ವಾಹನವಿಲ್ಲದವನ ಸಾವನ್ನು ವಾಹನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಸಮಾಧಾನಕ್ಕೆ ಬೆಲೆಯಿಲ್ಲ. 2022ರಲ್ಲಿ ಸತ್ತವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ಸವಾರರು, ಶೇ. 19.5ರಷ್ಟು ಪಾದಚಾರಿಗಳು, ಒಟ್ಟು ಸಾವಿನ ಮೂರರಲ್ಲಿ ಎರಡು ಪಾಲು ಗ್ರಾಮೀಣ ಪ್ರದೇಶದ್ದು. ಒಟ್ಟು ರಸ್ತೆಗಳ ಉದ್ದದಲ್ಲಿ ಸುಮಾರು ಶೇ. 2ರಷ್ಟಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಶೇ. 36.2ರಷ್ಟು ಸಾವುಗಳಾದುವು.

ಇನ್ನೊಂದು ಸೂಕ್ಷ್ಮವಿದೆ. ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯವುಂಟಾದ 5 ಅಪಘಾತಗಳು ನಡೆದರೆ, ಇಲ್ಲವೆ 10 ಜನ ಸತ್ತರೆ, ಆ ಭಾಗವನ್ನು ಅಪಾಯದ ತಾಣವೆಂದು ಗುರುತಿಸಿ ತಿದ್ದುವ ಪದ್ಧತಿಯಿದೆ. ಹೆದ್ದಾರಿಯ ಕ್ರಾಸುಗಳಿಗೆ ಇದು ಉಪಯುಕ್ತ. ಆದರೆ ಹಾನಗಲ್ಲ, ಹಿರೇಕೆರೂರಿನ ಕಡೆಯ ಜಿಲ್ಲಾ ರಸ್ತೆಗಳಲ್ಲಿ ಸಾವು ಚದುರಿ ಬೀಳುತ್ತದೆ: ಈ ವರ್ಷ ಕೆರೆಯ ಏರಿಯ ತಿರುವಿನಲ್ಲಿ ಒಬ್ಬ, ಮುಂದಿನ ವರ್ಷ ಕಿರುಸೇತುವೆಯ ಬಳಿ ಇನ್ನೊಬ್ಬ. ಎಣಿಕೆಯು ಎಲ್ಲಿಯೂ ಹತ್ತಕ್ಕೆ ಮುಟ್ಟದು. ಆದುದರಿಂದ ಆ ತಿರುವು ಯಾವ ಪಟ್ಟಿಗೂ ಸೇರದು. ಸಣ್ಣ ಊರಿನ ಸಾವು ಸಣ್ಣದಾಗಿ ಕಾಣುವುದು ಈ ಅಳತೆಯ ಗುಣದಿಂದ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ವ್ಯಾವಹಾರಿಕ ಸೂಚನೆಗಳು ತಾವಾಗಿಯೇ ಹೊರಡುತ್ತವೆ. ಹೆದ್ದಾರಿಯನ್ನು ಅಗಲಿಸುವಾಗ ವಾಹನಗಳ ಎಣಿಕೆಯೊಡನೆ ಅದನ್ನು ಅಡ್ಡ ಹಾಯುವ ಜನ, ದನ, ಚಕ್ಕಡಿಗಳ ಎಣಿಕೆಯೂ ನಡೆಯಬೇಕು. ಹಳೆಯ ಹಾದಿ ಎಲ್ಲಿ ಹಾಯುತ್ತಿತ್ತೋ ಅಲ್ಲಿಯೇ ಕೆಳಸೇತುವೆ ಬರಬೇಕು. ಒಂದು ಮೈಲಿ ದೂರದ ಸೇತುವೆಯನ್ನು ಹುಡುಕಿಕೊಂಡು ಹೋಗೆಂದರೆ ತಲೆಯ ಮೇಲೆ ಮೇವಿನ ಹೊರೆ ಹೊತ್ತವಳು ಹೋಗಲಾರಳು. ಗ್ರಾಮಗಳಲ್ಲಿ ಗೋವಿನಜೋಳ ಒಣಗಿಸಲು ಸಾರ್ವಜನಿಕ ಕಣಗಳನ್ನು ಕಟ್ಟಿದರೆ ರಸ್ತೆಯು ರಸ್ತೆಯಾಗಿ ಉಳಿಯುತ್ತದೆ. ಕಬ್ಬಿನ ಟ್ರೇಲರುಗಳಿಗೆ ಹೊಳೆಯುವ ಪಟ್ಟಿಗಳು, ಘಟ್ಟದ ಅಂಚಿಗೆ ತಡೆಗೋಡೆ, ಲಾರಿಗಳಿಗೆ ತಂಗುದಾಣ, ಸಂತೆಯ ದಿನಗಳಲ್ಲಿ ವ್ಯಾಪಾರಿಗಳಿಗೂ ಅವರ ಬುಟ್ಟಿಗಳಿಗೂ ಎಡೆಯಿರುವ ಸಾರಿಗೆ: ಇವೆಲ್ಲ ದೊಡ್ಡ ವೆಚ್ಚದ ಕೆಲಸಗಳೇ ಆಗಬೇಕೆಂದಿಲ್ಲ. ಸವಾರನ ಹೊಣೆಯನ್ನೂ ನಾವು ಮರೆಯುವುದಿಲ್ಲ. ಹೆಲ್ಮೆಟ್ ಧರಿಸಿದರೆ ಅಪಘಾತದಲ್ಲಿ ಸಾಯುವ ಸಂಭವವು ಸುಮಾರು ಶೇ. 40ರಷ್ಟು ಕಡಮೆಯಾಗುತ್ತದೆ. ತಲೆಗೆ ಪೆಟ್ಟು ಬಿದ್ದವನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಾದರೆ ಹಿರೇಕೆರೂರಿನಿಂದ ನೂರು ಕಿಲೋಮೀಟರಿಗೂ ಮಿಕ್ಕ ದಾರಿಯಿದೆ. 2008ರಲ್ಲಿ ಆರಂಭವಾದ 108ರ ಆಂಬ್ಯುಲೆನ್ಸ್ ಸೇವೆಯಿಂದ ದೊಡ್ಡ ಉಪಕಾರವಾಗಿದ್ದರೂ ಆ ದೂರವು ಹಾಗೆಯೇ ಇದೆ.

ಇತಿಹಾಸದ ಅಭ್ಯಾಸಿಗಳಾದ ನಮಗೆ ಮತ್ತೂ ಒಂದು ಕೆಲಸವುಂಟು. 2021ರಿಂದ ಬಳಕೆಗೆ ಬಂದ ಸಮಗ್ರ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆಯಲ್ಲಿ ಪೊಲೀಸರು ಘಟನಾಸ್ಥಳದಿಂದಲೇ ವಿವರಗಳನ್ನು ದಾಖಲಿಸಬೇಕಾಗಿದೆ. ರಸ್ತೆಯ ಸ್ಥಿತಿಗೂ ಅಲ್ಲಿ ಎಡೆಯಿದೆ. ಈ ದಾಖಲೆಗಳೂ ತಾಲ್ಲೂಕಿನ ಠಾಣೆಗಳಲ್ಲಿರುವ ಹಳೆಯ ಕಾಗದಪತ್ರಗಳೂ ಮುಂದಿನವರ ಸಂಶೋಧನೆಗೆ ಉಳಿಯಬೇಕು. ಆಗ ಒಂದೊಂದು ಕ್ರಾಸಿನ ಚರಿತ್ರೆಯನ್ನು ಬರೆಯುವುದು ಸಾಧ್ಯವಾಗುತ್ತದೆ: ಅದು ಯಾವಾಗ ಹುಟ್ಟಿತು, ಅಲ್ಲಿ ಯಾರು ಸತ್ತರು, ಆ ಬಳಿಕ ಏನನ್ನು ತಿದ್ದಲಾಯಿತು ಎಂಬುದು ತಿಳಿಯುತ್ತದೆ. ಅಪಘಾತವನ್ನು ಹಣೆಬರಹವೆಂದು ಬಗೆಯುವ ರೂಢಿ ನಮ್ಮ ಜನರಲ್ಲಿ ಬಲವಾಗಿದೆ. ಹಾದಿಯನ್ನು ಕಟ್ಟಿದವರು ಮನುಷ್ಯರೇ ಆದುದರಿಂದ ಅದರ ಮೇಲಿನ ಸಾವಿಗೆ ಮನುಷ್ಯರು ಹುಡುಕಬಹುದಾದ ಕಾರಣಗಳಿವೆ. ತಿದ್ದಬಹುದಾದ ಕಾರಣಗಳೂ ಅವುಗಳಲ್ಲಿ ಅನೇಕವಿವೆ. ಈ ಪ್ರದೇಶದ ತಾಲ್ಲೂಕುಗಳನ್ನು ಒಂದೊಂದಾಗಿ ಹಿಡಿದು ಇಂಥ ಅಧ್ಯಯನವನ್ನು ವಿದ್ಯಾರ್ಥಿಗಳು ಮುಂದುವರಿಸಬೇಕೆಂದು ಆಶಿಸುತ್ತೇವೆ.